ಒಂದೇ ಕಾಯಿಲೆ, ಬೇರೆ ಬೇರೆ ಹಣೆಬರಹ: ಓದುಗರ ಪ್ರಶ್ನೆಗಳಿಗೆ ಮಕ್ಕಳ ವೈದ್ಯರ ಉತ್ತರ

ಮಕ್ಕಳ ಆರೋಗ್ಯದಲ್ಲಿ ಕಾಣುವ ಅಸಮಾನತೆಯನ್ನು ತಗ್ಗಿಸಲು ಮಕ್ಕಳ ತಜ್ಞರು ಒಟ್ಟಾಗಿ ಏನು ಮಾಡಬಲ್ಲರು ಎಂಬ ವಿಷಯದ ಮೇಲೆ ಬಂದ ಪತ್ರಗಳಿಂದ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿ ಒಂದಾಗಿಸಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ.

ಪ್ರಶ್ನೆ: ರೋಗಾಣುವಿಗೆ ಬಡವ, ಬಲ್ಲಿದ ಎಂಬ ಭೇದವಿಲ್ಲ. ಔಷಧವೂ ಎಲ್ಲರಿಗೂ ಒಂದೇ. ಹೀಗಿರುವಾಗ ಮಕ್ಕಳ ಆರೋಗ್ಯದಲ್ಲಿ ಅಸಮಾನತೆ ಎಂದರೆ ಏನು? ಇದ್ದರೂ ಅದು ಸರ್ಕಾರಗಳು ನೋಡಿಕೊಳ್ಳಬೇಕಾದ ವಿಷಯ. ವೈದ್ಯರಿಗೇಕೆ ಈ ಉಸಾಬರಿ?
(ನಿವೃತ್ತ ಶಿಕ್ಷಕರೊಬ್ಬರು)

ಉತ್ತರ: ನಿಮ್ಮ ಮಾತು ಅರ್ಧ ನಿಜ. ರೋಗಾಣು ಯಾರ ಮೈಯನ್ನಾದರೂ ಹೊಕ್ಕೀತು; ಆದರೆ ಹೊಕ್ಕ ಮೇಲೆ ಏನಾಗುತ್ತದೆ ಎಂಬುದು ಆ ಮಗುವಿನ ತೂಕ ಎಷ್ಟಿತ್ತು, ಲಸಿಕೆ ಬಿದ್ದಿತ್ತೇ, ಕುಡಿಯುವ ನೀರು ಎಂಥದು, ಆಸ್ಪತ್ರೆ ಎಷ್ಟು ದೂರ, ಮಗುವನ್ನು ಎತ್ತಿಕೊಂಡು ಹೊರಡಲು ತಾಯಿಗೆ ಅಂದಿನ ದುಡಿಮೆಯನ್ನು ಬಿಡುವ ಅನುಕೂಲವಿತ್ತೇ ಎಂಬುದರ ಮೇಲೆ ನಿಂತಿರುತ್ತದೆ. ಇವುಗಳಲ್ಲಿ ಯಾವುದನ್ನೂ ಮಗು ಆರಿಸಿಕೊಂಡಿರುವುದಿಲ್ಲ. ಮಕ್ಕಳ ಮಧ್ಯೆ ಇರುವ ಎಲ್ಲ ವ್ಯತ್ಯಾಸವೂ ಅಸಮಾನತೆಯಲ್ಲ ಎಂಬುದನ್ನೂ ಹೇಳಬೇಕು. ಏಳನೆಯ ತಿಂಗಳಿಗೇ ಹುಟ್ಟಿದ ಶಿಶು ತುಂಬು ತಿಂಗಳಿನ ಶಿಶುವಿಗಿಂತ ದುರ್ಬಲವಾಗಿರುವುದು ದೇಹಧರ್ಮ. ಆದರೆ ಏಳನೆಯ ತಿಂಗಳಿಗೇ ಹುಟ್ಟಿದ ಇಬ್ಬರಲ್ಲಿ ಒಬ್ಬರು ಹುಟ್ಟಿದ ಜಾಗದ ಕಾರಣಕ್ಕೆ ಬದುಕಿ, ಇನ್ನೊಬ್ಬರು ಅದೇ ಕಾರಣಕ್ಕೆ ತೀರಿಕೊಂಡರೆ, ತಪ್ಪಿಸಬಹುದಾಗಿದ್ದ ಆ ಅಂತರಕ್ಕೆ ನಾವು ಅಸಮಾನತೆ ಎನ್ನುತ್ತೇವೆ.

ಲೆಕ್ಕಗಳನ್ನು ನೋಡೋಣ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ಅಂದಾಜಿನಂತೆ 1990ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಪ್ರತಿ 1000 ಮಕ್ಕಳಲ್ಲಿ 93 ಮಕ್ಕಳು ಐದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದರು. 2022ರ ವೇಳೆಗೆ ಅದು 37ಕ್ಕೆ ಇಳಿದಿತ್ತು. ಇದು ಸಣ್ಣ ಸಾಧನೆಯಲ್ಲ. ಆದರೂ ಅದೇ ವರ್ಷ ಸುಮಾರು 49 ಲಕ್ಷ ಮಕ್ಕಳು ಐದು ವರ್ಷ ಕಾಣದೆ ಹೋದರು. ಅವರಲ್ಲಿ ಸುಮಾರು 23 ಲಕ್ಷ ಶಿಶುಗಳು ಮೊದಲ 28 ದಿನಗಳನ್ನೇ ದಾಟಲಿಲ್ಲ. ಸಹಾರಾ ಮರುಭೂಮಿಯ ದಕ್ಷಿಣದ ಆಫ್ರಿಕಾದಲ್ಲಿ ಹುಟ್ಟಿದ ಮಗುವಿಗೆ ಈ ಅಪಾಯ ಯುರೋಪಿನ ಮಗುವಿಗಿಂತ ಹತ್ತು ಪಟ್ಟಿಗೂ ಹೆಚ್ಚಾಗಿತ್ತು. ಸರಾಸರಿ ಇಳಿಯುತ್ತಿರುವಾಗಲೂ ಅದರ ಅಡಿಯಲ್ಲಿ ಅಂತರ ಹಾಗೆಯೇ ಉಳಿದಿರಬಹುದು, ಬೆಳೆದೂ ಇರಬಹುದು.

ವೈದ್ಯರಿಗೇಕೆ ಎಂದು ಕೇಳಿದ್ದೀರಿ. ಔಷಧ ಕೊಟ್ಟರೂ ಕಾಯಿಲೆ ಮರಳಿ ಬರುವುದನ್ನು ಮೊದಲು ಕಾಣುವವರು ನಾವೇ ಆದ್ದರಿಂದ. ಅಮೆರಿಕದ ಬಾಸ್ಟನ್ ನಗರದ ಸಾರ್ವಜನಿಕ ಆಸ್ಪತ್ರೆಯಲ್ಲಿ ಬ್ಯಾರಿ ಜುಕರ್‌ಮನ್ ಎಂಬ ಮಕ್ಕಳ ವೈದ್ಯರು, ಉಬ್ಬಸದ ಮಕ್ಕಳು ಗುಣವಾಗಿ ಮನೆಗೆ ಹೋಗಿ ಮತ್ತೆ ಅದೇ ಏದುಸಿರಿನೊಂದಿಗೆ ಬರುವುದನ್ನು ಕಂಡರು. ಕಾರಣ ಅವರ ಶ್ವಾಸಕೋಶದಲ್ಲಿರಲಿಲ್ಲ, ಬಾಡಿಗೆ ಮನೆಯ ಬೂಷ್ಟು ಹಿಡಿದ ಗೋಡೆಯಲ್ಲಿತ್ತು. ಮನೆಯ ಮಾಲೀಕರು ದುರಸ್ತಿ ಮಾಡಿಸುತ್ತಿರಲಿಲ್ಲ. 1993ರಲ್ಲಿ ಜುಕರ್‌ಮನ್ ಆಸ್ಪತ್ರೆಗೇ ವಕೀಲರನ್ನು ಕರೆತಂದರು. ಔಷಧದ ಚೀಟಿಯ ಜೊತೆಗೆ ಮಾಲೀಕರಿಗೆ ಕಾನೂನಿನ ಪತ್ರವೂ ಹೋಗತೊಡಗಿತು. ವೈದ್ಯರೂ ವಕೀಲರೂ ಜೊತೆಗೂಡುವ ಈ ಕ್ರಮ ಆಮೇಲೆ ಅನೇಕ ಆಸ್ಪತ್ರೆಗಳಿಗೆ ಹರಡಿತು. ಸರ್ಕಾರದ ಹೊಣೆ ಸರ್ಕಾರದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೋಡೆಯ ಬೂಷ್ಟಿಗೂ ಮಗುವಿನ ಉಬ್ಬಸಕ್ಕೂ ಇರುವ ನಂಟನ್ನು ಸಾಕ್ಷಿಯೊಂದಿಗೆ ಹೇಳಬಲ್ಲವರು ವೈದ್ಯರು.

ಪ್ರಶ್ನೆ: ನಾನು ಇತ್ತೀಚೆಗಷ್ಟೇ ಮಕ್ಕಳ ವೈದ್ಯನಾಗಿ ಕೆಲಸ ಆರಂಭಿಸಿದ್ದೇನೆ. ನನ್ನ ಮುಂದೆ ಬಂದ ಮಗು ಯಾರದೆಂದು ನೋಡದೆ ಎಲ್ಲರಿಗೂ ಒಂದೇ ಬಗೆಯ ಚಿಕಿತ್ಸೆ ಕೊಡುತ್ತೇನೆ. ನಾನು ಭೇದ ಮಾಡದಿದ್ದ ಮೇಲೆ ಅಸಮಾನತೆಗೆ ನಾನು ಹೇಗೆ ಹೊಣೆಯಾದೇನು? ಒಬ್ಬನೇ ಸರಿಯಾಗಿ ಕೆಲಸ ಮಾಡಿದರೆ ಸಾಲದೇ, ಗುಂಪು ಏಕೆ ಬೇಕು?
(ಯುವ ವೈದ್ಯರೊಬ್ಬರು)

ಉತ್ತರ: ನಿಮ್ಮ ಪತ್ರವನ್ನು ಓದುವಾಗ ನನ್ನ ಮೊದಲ ವರ್ಷಗಳು ನೆನಪಾದವು. ನಾನೂ ಹೀಗೆಯೇ ಅಂದುಕೊಂಡಿದ್ದೆ. ಹೇಳಿದ ದಿನ ಮಗುವನ್ನು ಕರೆತಾರದ ತಂದೆತಾಯಿಯ ಕಡತದಲ್ಲಿ ‘ನಿರ್ಲಕ್ಷ್ಯ’ ಎಂದು ಬರೆದು ಮುಚ್ಚುತ್ತಿದ್ದೆ. ಹಲವು ವೈದ್ಯರು ಕುಳಿತು ನಮ್ಮ ನಮ್ಮ ಕಡತಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ, ಹಾಗೆ ಬಾರದೆ ಉಳಿದ ಮಕ್ಕಳಲ್ಲಿ ಹೆಚ್ಚಿನವರು ಒಂದೇ ದಿಕ್ಕಿನಿಂದ, ಎರಡು ಬಾರಿ ವಾಹನ ಬದಲಿಸಿ ಬರಬೇಕಾದ ಪ್ರದೇಶದವರೆಂಬುದು ಕಣ್ಣಿಗೆ ಬಿತ್ತು. ಅಲ್ಲಿಯವರೆಗೆ ನಾವೆಲ್ಲರೂ ಒಂದೇ ತಪ್ಪು ಪದವನ್ನು ಬೇರೆ ಬೇರೆ ಕೊಠಡಿಗಳಲ್ಲಿ ಕುಳಿತು ಬರೆಯುತ್ತಿದ್ದೆವು.

ಅಸಮಾನತೆಯ ವಿಚಿತ್ರ ಗುಣವೇ ಇದು: ಒಂದು ಮಗುವಿನಲ್ಲಿ ಅದು ಕಾಣಿಸುವುದಿಲ್ಲ. ಒಂದು ಮಗುವಿನಲ್ಲಿ ಕಾಣುವುದು ಜ್ವರ, ಕೆಮ್ಮು, ತೂಕ ಏರದಿರುವುದು. ಹಲವು ಮಕ್ಕಳನ್ನು ವಾಸಸ್ಥಳ, ಭಾಷೆ, ವರಮಾನ, ಲಿಂಗ ಇವುಗಳ ಪ್ರಕಾರ ವಿಂಗಡಿಸಿ ನೋಡಿದಾಗ ಮಾತ್ರ ಅದು ಎದ್ದು ಬರುತ್ತದೆ. ಅಮೆರಿಕದ ಫ್ಲಿಂಟ್ ನಗರದಲ್ಲಿ 2014ರಲ್ಲಿ ನಲ್ಲಿ ನೀರಿನ ಮೂಲವನ್ನು ಬದಲಿಸಿದಾಗ ನೀರು ಹಳೆಯ ಕೊಳವೆಗಳನ್ನು ಕೊರೆದು ವಿಷಕಾರಿ ಲೋಹವಾದ ಸೀಸವನ್ನು ಹೊತ್ತು ತರತೊಡಗಿತು. ರಕ್ತದಲ್ಲಿ ಸ್ವಲ್ಪ ಸೀಸ ಸೇರಿದ ಮಗು ಮೇಲ್ನೋಟಕ್ಕೆ ಚೆನ್ನಾಗಿಯೇ ಕಾಣುತ್ತದೆ. ಯಾವ ವೈದ್ಯನೂ ಪರೀಕ್ಷಾ ಕೊಠಡಿಯಲ್ಲಿ ಅದನ್ನು ಕಂಡುಹಿಡಿಯಲಾರ. ಮೋನಾ ಹನ್ನಾ-ಅಟಿಶಾ ಎಂಬ ಮಕ್ಕಳ ವೈದ್ಯೆ ಆಸ್ಪತ್ರೆಯಲ್ಲಿ ಆಗಲೇ ಇದ್ದ ರಕ್ತಪರೀಕ್ಷೆಯ ಫಲಿತಾಂಶಗಳನ್ನು ನೀರು ಬದಲಾಗುವ ಮೊದಲಿನವು ಮತ್ತು ಆಮೇಲಿನವು ಎಂದು ವಿಂಗಡಿಸಿದರು. ಐದು ವರ್ಷದೊಳಗಿನ ಮಕ್ಕಳಲ್ಲಿ ಸೀಸದ ಮಟ್ಟ ಹೆಚ್ಚಿದ್ದವರ ಪ್ರಮಾಣ ಶೇ 2.4ರಿಂದ ಶೇ 4.9ಕ್ಕೆ ಏರಿತ್ತು, ಬಡವರು ಹೆಚ್ಚಾಗಿದ್ದ ಬಡಾವಣೆಗಳಲ್ಲಿ ಏರಿಕೆ ಇನ್ನೂ ತೀವ್ರವಾಗಿತ್ತು. 2015ರ ಸೆಪ್ಟೆಂಬರ್‌ನಲ್ಲಿ ಅವರು ಇದನ್ನು ಬಹಿರಂಗಪಡಿಸಿದಾಗ ಅಧಿಕಾರಿಗಳು ಮೊದಲು ಅಲ್ಲಗಳೆದರು, ಮರು ತಿಂಗಳು ಹಳೆಯ ನೀರಿನ ಮೂಲಕ್ಕೇ ಮರಳಿದರು. ಹೊಸ ಪರೀಕ್ಷೆಯಾಗಲಿ ಹೊಸ ಯಂತ್ರವಾಗಲಿ ಬೇಕಾಗಿರಲಿಲ್ಲ.

ಇನ್ನೊಂದು ಸಂಗತಿ ನಿಮಗೆ ಕಹಿಯೆನಿಸಬಹುದು. ಎಲ್ಲರಿಗೂ ಒಂದೇ ನಿಯಮದಂತೆ ಚಿಕಿತ್ಸೆ ಕೊಡುತ್ತೇನೆ ಎನ್ನುತ್ತೀರಿ. ಆ ನಿಯಮದಲ್ಲೇ ಭೇದವಿದ್ದರೆ? ಅಮೆರಿಕದ ಮಕ್ಕಳ ತಜ್ಞರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2011ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಜ್ವರ ಬಂದ ಎಳೆಯ ಮಗುವಿಗೆ ಮೂತ್ರದ ಸೋಂಕು ಇದ್ದೀತೇ ಎಂದು ಅಂದಾಜಿಸುವಾಗ ಜನಾಂಗವನ್ನೂ ಒಂದು ಅಂಶವಾಗಿ ಎಣಿಸಲಾಗಿತ್ತು. ಅದರಂತೆ ಕಪ್ಪು ಜನಾಂಗದ ಮಕ್ಕಳಿಗೆ ಅಪಾಯ ಕಡಿಮೆಯೆಂದು ಪರಿಗಣಿಸಿದಾಗ ಅವರ ಮೂತ್ರಪರೀಕ್ಷೆ ತಪ್ಪಿಹೋಗುವ ಸಾಧ್ಯತೆ ಹೆಚ್ಚುತ್ತಿತ್ತು. ನಿಷ್ಪಕ್ಷಪಾತಿಯಾದ ವೈದ್ಯನೂ ನಿಯಮವನ್ನು ಪಾಲಿಸಿಯೇ ಭೇದ ಮಾಡುತ್ತಿದ್ದ. 2021ರಲ್ಲಿ ಆ ಸಂಸ್ಥೆ ಆ ಮಾರ್ಗಸೂಚಿಯನ್ನು ಹಿಂತೆಗೆದುಕೊಂಡಿತು; 2022ರಲ್ಲಿ ನವಜಾತ ಶಿಶುಗಳ ಕಾಮಾಲೆಯ ಮಾರ್ಗಸೂಚಿಯನ್ನು ಪರಿಷ್ಕರಿಸುವಾಗಲೂ ಜನಾಂಗದ ಅಂಶವನ್ನು ಕೈಬಿಟ್ಟಿತು. ಬೆರಳಿಗೆ ಸಿಕ್ಕಿಸಿ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಕಪ್ಪು ಚರ್ಮದವರಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸುವ ಸಂಭವವಿದೆಯೆಂಬುದೂ ಹೀಗೆಯೇ, ಬಹಳ ರೋಗಿಗಳ ಅಳತೆಗಳನ್ನು ಹೋಲಿಸಿದ ಮೇಲೆ ದೃಢವಾದ ಸಂಗತಿ. ಮೊದಲು ವಯಸ್ಕರಲ್ಲಿ, ಆಮೇಲೆ ಮಕ್ಕಳಲ್ಲಿಯೂ ಅದನ್ನು ಗುರುತಿಸಲಾಯಿತು. ಇಂಥ ತಪ್ಪನ್ನು ನೀವೊಬ್ಬರೇ ನಿಮ್ಮ ಕೊಠಡಿಯಲ್ಲಿ ಕುಳಿತು ಹಿಡಿಯುವುದು ಸಾಧ್ಯವಿಲ್ಲ.

ಗುಂಪು ಬೇಕಾಗುವುದಕ್ಕೆ ಮೂರನೆಯ ಕಾರಣ ತೀರ ಲೌಕಿಕವಾದದ್ದು. ಕೆಲವು ಕಾಯಿಲೆಗಳ ಮಕ್ಕಳು ಒಂದೊಂದು ಆಸ್ಪತ್ರೆಯಲ್ಲಿ ಬೆರಳೆಣಿಕೆಯಷ್ಟೇ ಇರುತ್ತಾರೆ. ಕೆಂಪು ರಕ್ತಕಣಗಳು ಕುಡಗೋಲಿನಂತೆ ಬಾಗುವ ಸಿಕಲ್ ಸೆಲ್ ರಕ್ತಹೀನತೆಯೆಂಬ ಆನುವಂಶಿಕ ಕಾಯಿಲೆಯ ಎಳೆಯ ಮಕ್ಕಳು ನ್ಯುಮೋನಿಯಾ ರೋಗಾಣುವಿನ ಸೋಂಕಿಗೆ ದಿಢೀರನೆ ಬಲಿಯಾಗುತ್ತಿದ್ದ ಕಾಲದಲ್ಲಿ, ಮರಿಲಿನ್ ಗ್ಯಾಸ್ಟನ್ ಎಂಬ ಮಕ್ಕಳ ವೈದ್ಯೆಯ ಮುಂದಾಳತ್ವದಲ್ಲಿ ಅಮೆರಿಕದ 23 ಕೇಂದ್ರಗಳು ಸೇರಿ 215 ಮಕ್ಕಳ ಮೇಲೆ ಒಂದು ಅಧ್ಯಯನ ನಡೆಸಿದವು. ದಿನಕ್ಕೆ ಎರಡು ಬಾರಿ ಬಾಯಿಯ ಮೂಲಕ ಕೊಟ್ಟ ಸಾಧಾರಣ ಪೆನಿಸಿಲಿನ್ ಆ ಸೋಂಕನ್ನು ಶೇ 84ರಷ್ಟು ತಗ್ಗಿಸಿತೆಂದು 1986ರಲ್ಲಿ ಪ್ರಕಟವಾಯಿತು. ಕಾಯಿಲೆಯನ್ನು ಹುಟ್ಟಿದಾಗಲೇ ಪತ್ತೆ ಮಾಡಬೇಕೆಂಬ ವಾದಕ್ಕೆ ಅದರಿಂದ ಬಲ ಬಂತು. ಆ ಕಾಯಿಲೆ ಅಲ್ಲಿ ಮುಖ್ಯವಾಗಿ ಕಪ್ಪು ಜನಾಂಗದ ಮಕ್ಕಳದ್ದು, ದೀರ್ಘಕಾಲ ಅಲಕ್ಷ್ಯಕ್ಕೆ ಒಳಗಾದದ್ದು ಎಂಬುದನ್ನು ನೆನೆದರೆ, 23 ಕೇಂದ್ರಗಳು ಒಂದಾಗದಿದ್ದರೆ ಅಷ್ಟು ಸಾಧಾರಣ ಔಷಧ ಇನ್ನೆಷ್ಟು ಕಾಲ ಕಪಾಟಿನಲ್ಲೇ ಇರುತ್ತಿತ್ತೋ ಎನಿಸುತ್ತದೆ.

ಪ್ರಶ್ನೆ: ಒಟ್ಟಾಗಿ ಕೆಲಸ ಮಾಡುವುದೆಂದರೆ ದೊಡ್ಡ ಆಸ್ಪತ್ರೆಯವರು ಹೇಳುವುದು, ನಮ್ಮಂಥ ಸಣ್ಣ ಆಸ್ಪತ್ರೆಯವರು ಕೇಳುವುದು ಎಂದೇ ಆಗಿಬಿಟ್ಟಿದೆ. ಕೆಳಗಿನಿಂದ ಮೇಲಕ್ಕೆ ಏನಾದರೂ ಹೋಗಿದೆಯೇ?
(ನವಜಾತ ಶಿಶುಗಳ ವಾರ್ಡಿನ ಶುಶ್ರೂಷಕಿ)

ಉತ್ತರ: ಹೋಗಿದೆ, ಮತ್ತು ಅದು ನನ್ನ ವೃತ್ತಿಯ ಇತಿಹಾಸದಲ್ಲಿ ನಾನು ಅತ್ಯಂತ ಸಂತೋಷದಿಂದ ಹೇಳುವ ಭಾಗ. 1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ನಿರಾಶ್ರಿತರಾಗಿ ಗಡಿ ದಾಟಿ ಬಂದವರ, ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಹಾಕುವ ಸಲೈನ್ ಮುಗಿಯುತ್ತ ಬಂದಾಗ ಮಕ್ಕಳ ವೈದ್ಯ ದಿಲೀಪ್ ಮಹಾಲನಬೀಸ್ ಅವರು ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ಸುಮಾರು ಶೇ 30ರಷ್ಟಿದ್ದ ಸಾವು ಶೇ 3.6ಕ್ಕೆ ಇಳಿಯಿತು. ಈ ದ್ರಾವಣದ ಹಿಂದಿನ ವಿಜ್ಞಾನ ಅದಕ್ಕೂ ಮೊದಲೇ ಢಾಕಾ ಮತ್ತು ಕೋಲ್ಕತ್ತಾದ ಸಂಶೋಧಕರಿಗೆ ಗೊತ್ತಿತ್ತು. ಆದರೆ ತರಬೇತಿಯಿಲ್ಲದ ಬಂಧುಗಳ ಕೈಯಲ್ಲೂ ಅದು ಜೀವ ಉಳಿಸುತ್ತದೆಂದು ತೋರಿಸಿದ್ದು ಆ ಶಿಬಿರ. ಇಂದು ಜಗತ್ತಿನಾದ್ಯಂತ ಮಕ್ಕಳ ವಾರ್ಡುಗಳಲ್ಲಿ ಇರುವ ಓಆರ್‌ಎಸ್ ಪೊಟ್ಟಣಕ್ಕೆ ಆ ಡ್ರಮ್ಮುಗಳ ಋಣವಿದೆ.

ನಿಮ್ಮ ವಾರ್ಡಿಗೇ ಸಂಬಂಧಿಸಿದ ಉದಾಹರಣೆ ಇನ್ನೂ ಹತ್ತಿರದ್ದು. 1978ರಲ್ಲಿ ಕೊಲಂಬಿಯಾದ ರಾಜಧಾನಿ ಬೊಗೋಟಾದಲ್ಲಿ ಶಿಶುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗಳಾದ ಇನ್‌ಕ್ಯುಬೇಟರುಗಳು ಸಾಲದೆ, ಒಂದೇ ಪೆಟ್ಟಿಗೆಯಲ್ಲಿ ಒಂದಕ್ಕಿಂತ ಹೆಚ್ಚು ಶಿಶುಗಳನ್ನು ಮಲಗಿಸಿ ಸೋಂಕು ಹರಡುತ್ತಿದ್ದಾಗ, ಎಡ್ಗರ್ ರೇ ಎಂಬ ಮಕ್ಕಳ ವೈದ್ಯರು ಕಡಿಮೆ ತೂಕದ ಶಿಶುವನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಕಟ್ಟಿಸಿದರು. ಮುಂದೆ ಹೆಕ್ಟರ್ ಮಾರ್ಟಿನೆಜ್ ಎಂಬ ವೈದ್ಯರೂ ಅವರ ಜೊತೆಗೂಡಿದರು. ಕಾಂಗರೂ ಆರೈಕೆ ಎಂದು ನೀವು ದಿನವೂ ಮಾಡಿಸುವುದು ಅದನ್ನೇ. ಇದು ಬಡ ಆಸ್ಪತ್ರೆಯವರ ಪರದಾಟವೆಂದು ಸಿರಿವಂತ ದೇಶಗಳ ಅನೇಕರು ಬಹಳ ಕಾಲ ಕಡೆಗಣಿಸಿದ್ದರು. ಒಪ್ಪಿಕೊಂಡವರೂ ಶಿಶುವಿನ ಸ್ಥಿತಿ ಸ್ಥಿರವಾದ ಮೇಲೆ ಮಾತ್ರ ಎಂದು ಷರತ್ತು ಹಾಕಿದ್ದರು. ಭಾರತ, ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾ ಈ ಐದು ದೇಶಗಳ ಆಸ್ಪತ್ರೆಗಳು ಸೇರಿ ಆ ಷರತ್ತನ್ನೇ ಪರೀಕ್ಷೆಗೆ ಒಡ್ಡಿದವು. ಸುಮಾರು ಒಂದರಿಂದ 1.8 ಕಿಲೋ ತೂಕದ ಶಿಶುಗಳನ್ನು ಹುಟ್ಟಿದ ಕೂಡಲೇ ತಾಯಿಯ ಎದೆಗೆ ಕೊಟ್ಟಾಗ, 28 ದಿನಗಳೊಳಗಿನ ಸಾವು ಶೇ 15.7ರ ಬದಲು ಶೇ 12.0 ಆಗಿತ್ತು, ಲಾಭ ಸ್ಪಷ್ಟವಾದುದರಿಂದ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿ 2021ರಲ್ಲಿ ಪ್ರಕಟಿಸಲಾಯಿತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ತನ್ನ ಶಿಫಾರಸನ್ನು ಬದಲಿಸಿತು. ತಾಯಿಯನ್ನು ಒಂದು ವಾರ್ಡಿನಲ್ಲಿ, ಶಿಶುವನ್ನು ಇನ್ನೊಂದರಲ್ಲಿ ಮಲಗಿಸುವ ಕಟ್ಟಡಗಳ ವಿನ್ಯಾಸವೇ ತಪ್ಪೆಂದು ಹೇಳಿದಂತಾಯಿತು, ಮತ್ತು ಅದನ್ನು ಹೇಳಿದವರು ಆ ಐದು ದೇಶಗಳ ನಿಮ್ಮಂಥ ಶುಶ್ರೂಷಕಿಯರು ಹಾಗೂ ವೈದ್ಯರು.

ದೊಡ್ಡ ಆಸ್ಪತ್ರೆ ಸಣ್ಣದರ ಕೈ ಹಿಡಿಯುವುದೂ ತಪ್ಪಲ್ಲ, ಹಿಡಿಯುವ ರೀತಿ ಸರಿಯಿರಬೇಕು. ಮಕ್ಕಳ ಕ್ಯಾನ್ಸರಿನಲ್ಲಿ ಸಿರಿವಂತ ದೇಶಗಳಲ್ಲಿ ಶೇ 80ಕ್ಕೂ ಹೆಚ್ಚು ಮಕ್ಕಳು ಗುಣವಾಗುತ್ತಾರೆ, ಅನೇಕ ಬಡ ದೇಶಗಳಲ್ಲಿ ಶೇ 30ರಷ್ಟೂ ಇಲ್ಲ. ಇಟಲಿಯ ಮೊಂಜಾದ ಮಕ್ಕಳ ಕ್ಯಾನ್ಸರ್ ತಜ್ಞರು 1986ರಲ್ಲಿ ನಿಕರಾಗುವಾದ ಮನಾಗುವಾ ನಗರದ ಲಾ ಮಸ್ಕೋಟಾ ಆಸ್ಪತ್ರೆಯೊಂದಿಗೆ ದೀರ್ಘಕಾಲದ ಜೋಡಿ ಕಟ್ಟಿಕೊಂಡರು. ಮಕ್ಕಳನ್ನು ವಿಮಾನ ಹತ್ತಿಸಿ ಕರೆಸಿಕೊಳ್ಳುವ ಬದಲು ಅಲ್ಲಿಯ ವೈದ್ಯರು ಮತ್ತು ಶುಶ್ರೂಷಕಿಯರಿಗೆ ಅಲ್ಲಿಯೇ ತರಬೇತಿ ಕೊಡುವ ದಾರಿ ಹಿಡಿದರು. ಇಂಥ ಜೋಡಿಗಳು ಕಲಿಸಿದ ದೊಡ್ಡ ಪಾಠವೊಂದಿದೆ: ಔಷಧಕ್ಕೆ ಬಗ್ಗಬಹುದಾಗಿದ್ದ ಎಷ್ಟೋ ರೋಗಗಳು ಗುಣವಾಗದೆ ಉಳಿದದ್ದು ಪ್ರಯಾಣ ಮತ್ತು ವಸತಿಯ ಖರ್ಚು ತಾಳಲಾರದೆ ಕುಟುಂಬ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟದ್ದರಿಂದ. ಅರ್ಧಕ್ಕೆ ಬಿಟ್ಟ ಮಗುವನ್ನು ಲೆಕ್ಕದಿಂದ ತೆಗೆದುಹಾಕಿದರೆ ಆಸ್ಪತ್ರೆಯ ಫಲಿತಾಂಶ ಚೆನ್ನಾಗಿಯೇ ಕಾಣುತ್ತದೆ. ಲೆಕ್ಕದಲ್ಲಿ ಉಳಿಸಿಕೊಂಡರೆ ಬಸ್ಸಿನ ಖರ್ಚೂ ತಂಗುವ ಮನೆಯೂ ಚಿಕಿತ್ಸೆಯ ಭಾಗವಾಗುತ್ತವೆ.

ಪ್ರಶ್ನೆ: ಮಗಳನ್ನು ತೋರಿಸಲು ಹೋದಾಗ ವೈದ್ಯರು, ಕಳೆದ ವರ್ಷದಲ್ಲಿ ಮನೆಯಲ್ಲಿ ಊಟಕ್ಕೆ ತೊಂದರೆಯಾಗಿತ್ತೇ ಎಂದು ಕೇಳಿದರು. ನನಗೆ ಅವಮಾನವಾದಂತಾಯಿತು. ಇಂಥ ಪ್ರಶ್ನೆ ಕೇಳುವುದು ಸರಿಯೇ?
(ಒಬ್ಬ ತಾಯಿ)

ಉತ್ತರ: ಅಮ್ಮಾ, ನಿಮಗಾದ ನೋವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆ ಪ್ರಶ್ನೆಯನ್ನು ವೈದ್ಯರು ತಮ್ಮ ಕುತೂಹಲಕ್ಕೆ ಕೇಳಿರಲಾರರು. ದುಡ್ಡು ಬರುವ ಮೊದಲೇ ಆಹಾರ ಮುಗಿದೀತೆಂಬ ಚಿಂತೆ ಕಾಡಿತ್ತೇ, ಕೊಂಡು ತಂದದ್ದು ಸಾಲದೆ ಹೋಗಿತ್ತೇ ಎಂಬ ಎರಡೇ ಪ್ರಶ್ನೆಗಳಿಂದ ಮನೆಯ ಹಸಿವನ್ನು ಬಹುಮಟ್ಟಿಗೆ ಗುರುತಿಸಬಹುದೆಂದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. 2015ರಲ್ಲಿ ಅಮೆರಿಕದ ಮಕ್ಕಳ ತಜ್ಞರ ಸಂಘ ಅವನ್ನು ವಾಡಿಕೆಯ ತಪಾಸಣೆಯಲ್ಲಿ ಕೇಳುವಂತೆ ಸಲಹೆ ಮಾಡಿತು. ಅರೆಹೊಟ್ಟೆಯಲ್ಲಿ ಬೆಳೆಯುವ ಮಗು ಯಾವಾಗಲೂ ಸಣಕಲಾಗಿ ಕಾಣುವುದಿಲ್ಲ. ತಾಯಿ ತಾನು ಉಪವಾಸವಿದ್ದು ಮಗುವಿಗೆ ಉಣಿಸಿರುತ್ತಾಳೆ. ಕೇಳದ ಹೊರತು ಗೊತ್ತಾಗುವ ದಾರಿಯಿಲ್ಲ.

ಆದರೆ ಕೇಳುವ ಬಗೆಯಲ್ಲಿ ನಾವು ವೈದ್ಯರು ತಪ್ಪುತ್ತೇವೆ. ಉಡುಪನ್ನೋ ಮಾತಿನ ಧಾಟಿಯನ್ನೋ ನೋಡಿ ಕೆಲವರನ್ನೇ ಆರಿಸಿ ಕೇಳಿದರೆ ಅದು ಅವಮಾನವೇ ಸರಿ. ಬಂದ ಪ್ರತಿಯೊಬ್ಬರಿಗೂ, ‘ಇದನ್ನು ಎಲ್ಲರಿಗೂ ಕೇಳುತ್ತೇವೆ, ಉತ್ತರಿಸದೆ ಇರುವುದಕ್ಕೂ ನಿಮಗೆ ಹಕ್ಕಿದೆ’ ಎಂದು ತಿಳಿಸಿ, ಬೇರೆಯವರ ಕಿವಿಗೆ ಬೀಳದಂತೆ ಕೇಳಬೇಕು. ಬರಹದಲ್ಲಿ ಉತ್ತರಿಸುವ ಅವಕಾಶವಿದ್ದರೆ ಇನ್ನೂ ಒಳ್ಳೆಯದು. ಅದಕ್ಕಿಂತ ದೊಡ್ಡ ಮಾತೆಂದರೆ, ‘ಹೌದು’ ಎಂಬ ಉತ್ತರ ಬಂದಾಗ ಮುಂದೇನು ಮಾಡಬೇಕೆಂದು ಗೊತ್ತಿಲ್ಲದ ವೈದ್ಯನಿಗೆ ಆ ಪ್ರಶ್ನೆ ಕೇಳುವ ಅಧಿಕಾರವಿಲ್ಲ. ಕೇಳಿ, ಬರೆದುಕೊಂಡು, ಸುಮ್ಮನೆ ಕಳುಹಿಸುವುದು ಗಾಯವನ್ನು ತೆರೆದು ಕಟ್ಟದೆ ಬಿಟ್ಟ ಹಾಗೆ. ಒಬ್ಬೊಬ್ಬ ವೈದ್ಯನೂ ಆಹಾರ, ವಸತಿ, ಕಾನೂನು ನೆರವಿನ ವ್ಯವಸ್ಥೆಯನ್ನು ತಾನೇ ಕಟ್ಟಿಕೊಳ್ಳುವುದು ಆಗದ ಮಾತು. ಹಲವು ಚಿಕಿತ್ಸಾಲಯಗಳು ಸೇರಿ ಒಬ್ಬ ಸಮಾಜ ಕಾರ್ಯಕರ್ತರನ್ನು ನೇಮಿಸಿಕೊಂಡು, ಯಾವ ನೆರವು ಎಲ್ಲಿ ದೊರೆಯುತ್ತದೆಂಬ ಪಟ್ಟಿಯನ್ನು ತಾಜಾ ಆಗಿ ಇಟ್ಟುಕೊಂಡರೆ ಅದು ಸಾಧ್ಯ. ಮುಂದಿನ ಬಾರಿ ಹೋದಾಗ ನಿಮಗೆ ಹಾಗೆ ಅನಿಸಿತೆಂದು ಆ ವೈದ್ಯರಿಗೆ ಹೇಳಿ. ಒಳ್ಳೆಯ ವೈದ್ಯರಾದರೆ ಕೇಳುವ ಕ್ರಮವನ್ನು ತಿದ್ದಿಕೊಳ್ಳುತ್ತಾರೆ.

ಪ್ರಶ್ನೆ: ವೀಡಿಯೊ ಮೂಲಕ ತಜ್ಞರ ಸಲಹೆ ದೊರೆಯುವ ಕಾಲ ಬಂದಿದೆ. ದೂರದ ಮಕ್ಕಳ ಸಮಸ್ಯೆ ಇದರಿಂದ ತೀರಲಿಲ್ಲವೇ?
(ಎಂಜಿನಿಯರ್ ಒಬ್ಬರು)

ಉತ್ತರ: ಅಷ್ಟು ಸುಲಭವಾಗಿ ಅಲ್ಲ. ಹೊಸ ಸೌಲಭ್ಯ ಯಾವುದೇ ಇರಲಿ, ಮೊದಲು ಅದು ಉಳ್ಳವರನ್ನು ತಲುಪುತ್ತದೆ. ಆದ್ದರಿಂದ ಆರಂಭದಲ್ಲಿ ಅಂತರ ಹೆಚ್ಚಿ, ಉಳ್ಳವರಲ್ಲಿ ಇನ್ನು ಸುಧಾರಿಸಲು ಏನೂ ಉಳಿಯದಾಗ ಮಾತ್ರ ತಗ್ಗತೊಡಗುತ್ತದೆ ಎಂದು ಬ್ರೆಜಿಲ್‌ನ ಆರೋಗ್ಯ ಸಂಶೋಧಕ ಸೆಸಾರ್ ವಿಕ್ಟೋರಾ ಮತ್ತು ಸಂಗಡಿಗರು 2000ದಲ್ಲಿ ಪ್ರತಿಪಾದಿಸಿದರು. ಕುಟುಂಬದ ಕೈಗೆ ಪರದೆ ಕೊಡುವುದಕ್ಕಿಂತ ಹತ್ತಿರದ ವೈದ್ಯನ ಕೈಗೆ ತಜ್ಞನನ್ನು ಕೊಡುವುದು ಹೆಚ್ಚು ಫಲ ಕೊಡುತ್ತದೆಂಬುದು ನನ್ನ ಅಭಿಪ್ರಾಯ. ಅಮೆರಿಕದ ಮಸಾಚುಸೆಟ್ಸ್ ರಾಜ್ಯದಲ್ಲಿ 2004ರಿಂದ ಮಕ್ಕಳ ವೈದ್ಯರು ಮಾನಸಿಕ ಸಮಸ್ಯೆಯ ಮಗು ಬಂದಾಗ ಮಕ್ಕಳ ಮನೋವೈದ್ಯರಿಗೆ ಫೋನ್ ಮಾಡಿ ಕೇಳುವ ವ್ಯವಸ್ಥೆಯಿದೆ. ತಿಂಗಳುಗಟ್ಟಲೆ ಸರದಿ ಕಾಯಬೇಕಾಗಿದ್ದ ಮಗುವಿಗೆ ತನ್ನ ಪರಿಚಯದ ವೈದ್ಯನಲ್ಲಿಯೇ ಆರೈಕೆ ಆರಂಭವಾಗುತ್ತದೆ. ಎಲ್ಲಕ್ಕಿಂತ ಹಳೆಯ, ಅಗ್ಗದ ತಂತ್ರಜ್ಞಾನವನ್ನೂ ಮರೆಯಬೇಡಿ. ಕೆಮ್ಮುವ ಮಗುವಿನ ಉಸಿರನ್ನು ಒಂದು ನಿಮಿಷ ಎಣಿಸಿ, ಎರಡರಿಂದ ಹನ್ನೊಂದು ತಿಂಗಳಿನ ಮಗುವಿನಲ್ಲಿ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗಿನ ಮಗುವಿನಲ್ಲಿ 40 ಅಥವಾ ಹೆಚ್ಚು ಇದ್ದರೆ ನ್ಯುಮೋನಿಯಾ ಎಂದು ಶಂಕಿಸಬೇಕೆಂಬ ಸೂತ್ರ, ಎಕ್ಸ್‌ರೇ ಇಲ್ಲದ ಕಡೆ ಆರೋಗ್ಯ ಕಾರ್ಯಕರ್ತರ ಕೈಗೆ ಸಿಕ್ಕಿದ್ದು ಮಕ್ಕಳ ತಜ್ಞರು ತಮ್ಮ ವಿದ್ಯೆಯನ್ನು ಹಂಚಿಕೊಂಡದ್ದರಿಂದ.

ಪ್ರಶ್ನೆ: ಹಿಂದುಳಿದವರ ಕಡೆಗೇ ವೈದ್ಯರ ಗಮನ ಹರಿದರೆ ಉಳಿದ ಮಕ್ಕಳ ಆರೈಕೆ ಸೊರಗುವುದಿಲ್ಲವೇ?
(ಓದುಗರೊಬ್ಬರು)

ಉತ್ತರ: ಸೊರಗಲೇಬೇಕೆಂದಿಲ್ಲ. ಮೇಲೆ ಹೇಳಿದ ಕಾಂಗರೂ ಆರೈಕೆ ಇಂದು ಅತ್ಯಂತ ಸುಸಜ್ಜಿತ ಆಸ್ಪತ್ರೆಗಳಲ್ಲಿಯೂ ನಡೆಯುತ್ತದೆ, ಓಆರ್‌ಎಸ್ ಸಿರಿವಂತರ ಮಗುವಿಗೂ ಅದೇ. ಆದರೂ ವೈದ್ಯರ ಸಮಯಕ್ಕೆ ಮಿತಿಯಿದೆ, ಒಂದು ಕಡೆ ಹೆಚ್ಚು ಕೊಟ್ಟಾಗ ಇನ್ನೊಂದು ಕಡೆ ಕಾಯಬೇಕಾಗಬಹುದು ಎಂಬ ನಿಮ್ಮ ಅಳುಕನ್ನು ಅಲ್ಲಗಳೆಯಲಾರೆ. ಹೆಚ್ಚು ಕಾಯಿಲೆಯಿರುವ ಕಡೆ ಹೆಚ್ಚು ವೈದ್ಯರಿರಬೇಕೆಂಬುದು ತುರ್ತು ಚಿಕಿತ್ಸಾ ವಿಭಾಗದ ನಿಯಮ. ಅದನ್ನು ಅಲ್ಲಿ ಯಾರೂ ಪ್ರಶ್ನಿಸುವುದಿಲ್ಲ.

ಪ್ರಶ್ನೆ: ವೈದ್ಯರ ಸಂಘಗಳು ಸಮಾವೇಶ ನಡೆಸುತ್ತವೆ, ಘೋಷಣೆ ಹೊರಡಿಸುತ್ತವೆ. ನಿಜವಾಗಿ ಕೆಲಸ ನಡೆಯುತ್ತಿದೆಯೇ ಎಂದು ಸಾಮಾನ್ಯರು ಗುರುತಿಸುವುದು ಹೇಗೆ?
(ಅಂಗವಿಕಲ ಮಗುವಿನ ತಂದೆ)

ಉತ್ತರ: ಅವರು ತಮಗೆ ಮುಜುಗರವಾಗುವ ಲೆಕ್ಕವನ್ನೂ ಬಹಿರಂಗಪಡಿಸುತ್ತಾರೆಯೇ ಎಂದು ನೋಡಿ. ‘ನಮ್ಮಲ್ಲಿ ಶೇ 90 ಮಕ್ಕಳಿಗೆ ಲಸಿಕೆ ಆಗಿದೆ’ ಎಂದರೆ, ಉಳಿದ ಶೇ 10 ಮಕ್ಕಳು ಯಾರು, ಎಲ್ಲಿಯವರು ಎಂದು ಕೇಳಿ. ಅದಕ್ಕೆ ತಕ್ಷಣ ಉತ್ತರ ಸಿಕ್ಕರೆ ಕೆಲಸ ನಡೆಯುತ್ತಿದೆ ಎಂದರ್ಥ. ಹಳೆಯ ತಪ್ಪನ್ನು ಒಪ್ಪಿಕೊಳ್ಳುವುದೂ ಒಂದು ಗುರುತು. 1930ರಲ್ಲಿ ಸ್ಥಾಪನೆಯಾದ ಅಮೆರಿಕದ ಮಕ್ಕಳ ತಜ್ಞರ ಸಂಘ, ಅಲೊಂಜೊ ಸ್ಮಿತ್ ಮತ್ತು ರೋಲಂಡ್ ಸ್ಕಾಟ್ ಎಂಬ ಕಪ್ಪು ಜನಾಂಗದ ಇಬ್ಬರು ಅರ್ಹ ವೈದ್ಯರಿಗೆ 1939ರಲ್ಲಿ ಸದಸ್ಯತ್ವ ನಿರಾಕರಿಸಿತ್ತು; 1945ರಲ್ಲಿ ಸೇರಿಸಿಕೊಂಡಿತು; 2020ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿತು. ಕ್ಷಮೆ ಬರುವುದಕ್ಕೆ ಎಂಬತ್ತೊಂದು ವರ್ಷ ಹಿಡಿಯಿತೆಂಬುದೂ ನಿಜ, ಅದರ ಮರುವರ್ಷವೇ ಮೂತ್ರದ ಸೋಂಕಿನ ಮಾರ್ಗಸೂಚಿಯನ್ನು ಹಿಂತೆಗೆದುಕೊಂಡದ್ದೂ ನಿಜ.

ಇನ್ನೊಂದನ್ನು ಗಮನಿಸಿ: ಸಭೆಯಲ್ಲಿ ತಂದೆತಾಯಿಗೆ ಕುರ್ಚಿಯಿದೆಯೇ, ಇದ್ದರೆ ಅವರ ಮಾತಿನಿಂದ ಏನಾದರೂ ಬದಲಾಗಿದೆಯೇ? ವೈದ್ಯರಾದ ನಾವು ಸಂಜೆಯ ಚಿಕಿತ್ಸಾಲಯ ಬೇಕೇ ಎಂದು ಒಂದು ವರ್ಷ ಚರ್ಚಿಸಿದ್ದೆವು. ದಿನಗೂಲಿಯ ಒಬ್ಬ ತಾಯಿ ಸಭೆಗೆ ಬಂದು, ತಾನು ಕೆಲಸ ಮುಗಿಸಿ ಬರುವ ಹೊತ್ತಿಗೆ ನಮ್ಮ ಬಾಗಿಲು ಮುಚ್ಚಿರುತ್ತದೆಂದು ಹೇಳಿದ ಮೇಲೆ ಚರ್ಚೆ ಹತ್ತು ನಿಮಿಷದಲ್ಲಿ ಮುಗಿಯಿತು. ನಿಮ್ಮ ಮಗುವನ್ನು ಗಾಲಿಕುರ್ಚಿಯಲ್ಲಿ ಕರೆದೊಯ್ಯುವ ನಿಮಗೆ ನಿಮ್ಮ ವೈದ್ಯರ ಕಟ್ಟಡದ ಬಗ್ಗೆ ಅವರಿಗೆ ಗೊತ್ತಿಲ್ಲದ ಸಂಗತಿಗಳು ಗೊತ್ತಿರುತ್ತವೆ. ಮುಂದಿನ ಭೇಟಿಗೆ ಮೊದಲು ಅವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಮತ್ತು ಅದು ಯಾರ ಕೈ ಸೇರುತ್ತದೆ, ಯಾವಾಗ ಉತ್ತರ ಬರುತ್ತದೆ ಎಂದು ಕೇಳಿ ತಿಳಿದುಕೊಳ್ಳಿ.